ಯುಗಾದಿಗೆ ಊರಿಗೆ ಹೋಗು, ಉತಾರ ನೋಡು

ನವನಗರ, ಬಾಗಲಕೋಟೆ

ಪ್ರೀತಿಯ ಮಗಳೇ,

ಮೆರವಣಿಗೆಗೆ ಹೋದದ್ದಕ್ಕೆ ಅಪ್ಪ ಬೈದ, ಯುಗಾದಿಗೆ ಊರಿಗೆ ಹೋಗುವುದಿಲ್ಲ ಅಂತ ಬರೆದ ನಿನ್ನ ಮೆಸೇಜು ಓದಿದೆ. ಅಷ್ಟುದ್ದ ಬರೆದಿದ್ದೀಯ ಅಂದರೆ ಸಿಟ್ಟು ಜೋರಾಗಿಯೇ ಬಂದಿದೆ. ಫೋನ್ ಮಾಡಿದರೆ ನೀನು ಅಳುತ್ತೀಯ, ನಿನ್ನ ಜೊತೆ ನಾನೂ ಅಳುತ್ತೇನೆ. ಅದಕ್ಕೇ ಪತ್ರ.

ಮಾರ್ಚ್ 8ರ ಮಹಿಳಾ ದಿನದ ಮೆರವಣಿಗೆಗೆ ಹೋದದ್ದು ಒಳ್ಳೆಯದೇ ಆಯಿತು. ಸಿದ್ಧೇಶ್ವರ ಗುಡಿಯಿಂದ ಗಾಂಧಿ ಚೌಕ ದಾಟಿ ಅಂಬೇಡ್ಕರ್ ಚೌಕದವರೆಗೆ ಘೋಷಣೆ ಕೂಗುತ್ತ ನಡೆದೆಯಲ್ಲ, ವಿಜಯಪುರದ ಆ ಬಿಸಿಲು ನನಗೆ ಗೊತ್ತು. 1917ರಲ್ಲಿ ರಷ್ಯಾದ ಪೆಟ್ರೋಗ್ರಾಡ್‌ನಲ್ಲಿ ಬಟ್ಟೆ ಗಿರಣಿಯ ಹೆಂಗಸರು ತಿನ್ನಲು ಬ್ರೆಡ್ಡಿಲ್ಲ ಎಂದು ಬೀದಿಗಿಳಿದದ್ದೂ ಇದೇ ತಾರೀಖು. ಅವತ್ತೂ ಯಾರದೋ ಅಪ್ಪ ಮನೆಯಲ್ಲಿ ಬೈದೇ ಇರುತ್ತಾನೆ, ಬಿಡು.

ಒಂದು ಮಾತು ಮಾತ್ರ ನನಗೆ ಹಿಡಿಸಲಿಲ್ಲ. ನಿನ್ನ ರೂಮ್‌ಮೇಟ್ ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ನಡೆದಳು, ಪುಕ್ಕಲಿ ಅಂತ ಬರೆದಿದ್ದೀಯ. ಮನೆಯಲ್ಲಿ ಗೊತ್ತಾದರೆ ಅವಳ ಓದೇ ನಿಂತು ಹೋಗಬಹುದು. ಅಷ್ಟಿದ್ದೂ ಬಂದಳಲ್ಲ! ನಿನ್ನನ್ನು ಜಾಸ್ತಿ ಅಂದರೆ ಬೈಯುತ್ತಾರೆ. ಗುಂಪಿನ ಫೋಟೋ ಹಾಕುವ ಮೊದಲು ಅಂಥವರನ್ನು ಒಂದು ಮಾತು ಕೇಳು.

ಮುಂದಿನ ಸಲ ಸುಳ್ಳು ಹೇಳಿ ಹೋಗಲಾ ಅಂತ ಕೇಳಿದ್ದೀಯ. ಬೇಡ. ಹೇಳಿಯೇ ಹೋಗು, ಬೈದರೆ ಬೈಯಲಿ. ಕಾಲೇಜಿನ ಐಡಿ ಕಾರ್ಡ್, ನೀರಿನ ಬಾಟಲಿ ಜೊತೆಗಿರಲಿ. ಕರೆದವರು ಯಾರು ಅಂತ ಗೊತ್ತಿರಲಿ. ಸಾಕು.

ಇನ್ನು ನಿನ್ನ ಅಪ್ಪನ, ಅಂದರೆ ನನ್ನ ತಮ್ಮನ ವಿಷಯ. ವಾಟ್ಸಾಪ್‌ನಲ್ಲಿ ಫೋಟೋ ನೋಡಿ "ಇಕಿನೂ ಅತ್ತಿ ಹಂಗ ಆಗ್ತಾಳ" ಅಂದನಂತಲ್ಲ. ಅದರ ಹಿಂದಿನ ಕಥೆಯನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೇ ಹೇಳುತ್ತೇನೆ.

ನಿನ್ನ ಅಜ್ಜ ತೀರಿಕೊಂಡ ಮೇಲೆ ಇಂಡಿ ಊರಿನ ನಿಂಬೆ ತೋಟಕ್ಕೆ ವಾರಸಾ ಮಾಡಿಸಬೇಕಿತ್ತು, ಅಂದರೆ ವಾರಸುದಾರರ ಹೆಸರಿಗೆ ಮಾಡಿಸಬೇಕಿತ್ತು. ನಿನ್ನ ಅಪ್ಪ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡೇ ನಮ್ಮ ಮನೆಗೆ ಬಂದ. ಜೊತೆಗೊಂದು ಇಳಕಲ್ ಸೀರೆ. ಚಹಾ ಕುಡಿಯುತ್ತ, "ಅಕ್ಕಾ, ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಹಿ ಹಾಕು, ಅರ್ಧ ತಾಸಿನ ಕೆಲಸ" ಅಂದ. ಕನ್ನಡಕ ಹಾಕಿಕೊಂಡು ಓದಿದೆ. ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ನನ್ನ ಪಾಲು ಬಿಟ್ಟುಕೊಡುತ್ತಿದ್ದೇನೆ ಅಂತಿತ್ತು. ನನ್ನ ಸಂತೋಷದ ಬಗ್ಗೆ ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಸೀರೆ ಇಟ್ಟುಕೊಂಡೆ, ಸಹಿ ಹಾಕಲಿಲ್ಲ.

"ನಿನ್ನ ಮದುವಿ ಆಗಿ ಎಷ್ಟು ವರ್ಷ ಆತು, ನಿನಗೆಲ್ಲಿ ಹಕ್ಕು?" ಅಂದ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನನ್ನ ಮದುವೆ ಆದದ್ದು 1991ರಲ್ಲಿ. 1994ರಲ್ಲಿ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾನೂನಿನ ನಮ್ಮ ರಾಜ್ಯದ ತಿದ್ದುಪಡಿ, ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಆದರೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಕಾನೂನು ಬಂತು. ಮದುವೆ ಯಾವಾಗಲೇ ಆಗಿರಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆ ದಿನಕ್ಕಿಂತ ಮೊದಲೇ ಅಪ್ಪ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಜ್ಜ ತಾನೇ ದುಡಿದು ಕೊಂಡ ಹೊಲವಾಗಿದ್ದರೆ ಬೇರೆ ಮಾತು, ಅದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದಿತ್ತು. ಇದು ಮುತ್ತಜ್ಜನ ಕಾಲದ್ದು.

ಪಾಲಿನ ಜೊತೆ ಸಾಲವೂ ಬರುತ್ತದೆ, ಅದೂ ಕಾನೂನಿನಲ್ಲೇ ಇದೆ. ಆ ತೋಟದ ಬ್ಯಾಂಕ್ ಸಾಲದಲ್ಲಿ ನನ್ನ ಭಾಗ ನಾನು ಕಟ್ಟಿದ್ದೇನೆ. ಅದನ್ನು ನಿನ್ನ ಅಪ್ಪ ಊರಲ್ಲಿ ಯಾರಿಗೂ ಹೇಳುವುದಿಲ್ಲ ನೋಡು.

ಆಮೇಲೆ ಪಂಚಮಿಗೆ ಕರೆಯಲು ಬರಲಿಲ್ಲ. ಆ ಬೇಜಾರು ಸಣ್ಣದಲ್ಲ. ತವರಿನ ಜೋಕಾಲಿ ಯಾರಿಗೆ ಬೇಡ? ಈಗ ಬರುತ್ತಾನೆ, ಉಂಡಿ ತರುತ್ತಾನೆ, ಆದರೆ ತೋಟದ ಮಾತು ಎತ್ತುವುದಿಲ್ಲ. ಅವನು ಕೆಟ್ಟವನಲ್ಲ. ಊರವರು "ಅಕ್ಕಗ ಹೊಲ ಕೊಟ್ಟಾನ" ಅಂತ ನಗುತ್ತಾರೆ, ಅದಕ್ಕೆ ಹೆದರುತ್ತಾನೆ. ನಿನ್ನ ಫೋಟೋ ನೋಡಿದಾಗಲೂ ಅವನಿಗೆ ಆದದ್ದು ಅದೇ ಹೆದರಿಕೆ.

ಅದಕ್ಕೇ ಯುಗಾದಿಗೆ ಊರಿಗೆ ಹೋಗುವುದಿಲ್ಲ ಅನ್ನುವ ಹಟ ಬೇಡ. ಹೋಗು. ಹಬ್ಬದ ದಿನ ಮಾತು ತೆಗೆಯಬೇಡ, ನಿನ್ನ ಅವ್ವನ ಹೋಳಿಗೆ ಕೆಡುತ್ತದೆ. ಮರುದಿನ ಅವನು ತೋಟಕ್ಕೆ ನೀರು ಬಿಡಲು ಹೋಗುವಾಗ ಜೊತೆಗೆ ಹೋಗು. "ಅಪ್ಪಾ, ಉತಾರದಾಗ ಯಾರ್ಯಾರ ಹೆಸರೈತಿ?" ಅಂತ ಕೇಳು. ಉತಾರ ಅಂದರೆ ಪಹಣಿ, ಹೊಲ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಸರ್ಕಾರಿ ಕಾಗದ. ವಾದ ಬೇಡ, ಭಾಷಣ ಬೇಡ, ಘೋಷಣೆಯಂತೂ ಬೇಡವೇ ಬೇಡ. ನಿನ್ನ ತಮ್ಮನೂ ಪಕ್ಕದಲ್ಲಿರಲಿ. ನಿನ್ನ ಮದುವೆಯಾದ ಮೇಲೆ ಸೀರೆ ಹಿಡಿದುಕೊಂಡು ಬರುವವನು ಅವನೇ ಅಲ್ವಾ? ಆಗ ಬಿಡಬೇಕು ಅನಿಸಿದರೆ ಬಿಡು, ಅದು ನಿನ್ನಿಷ್ಟ. ಓದದೆ ಮಾತ್ರ ಸಹಿ ಹಾಕಬೇಡ, ನಾನು ತಂದ ಕಾಗದವಾದರೂ ಸರಿ.

ನಾಡಕಚೇರಿಯಲ್ಲಿ ಉತಾರದ ಪ್ರತಿ ಕೊಡುತ್ತಾರೆ. ಒಂದು ತೆಗೆಸಿ ನನಗೂ ಕಳಿಸು, ನನ್ನ ಹತ್ತಿರ ಇರುವುದು ಹಳೆಯದು.

ನಿನ್ನ ಅತ್ತೆ