ಜಾಮ್ ಆದ ಕಿಂಗ್ ಪಿನ್ ಬಿಡಿಸುವ ಬಗೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಲಾರಿಯ ಮುಂದಿನ ಆಕ್ಸಲ್‌ನಲ್ಲಿ ಎಡಗಡೆಯ ಕಿಂಗ್ ಪಿನ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳಲು ಆಧಾರವಾದ ನಿಲುವು ಪಿನ್, ತುಕ್ಕು ಹಿಡಿದು ಕೂತಿದೆ, ಎಷ್ಟು ಬಡಿದರೂ ಅಲುಗುತ್ತಿಲ್ಲ ಎಂದು ಬರೆದಿದ್ದೀಯೆ. ಇನ್ನೊಂದು ಏಟು ಹಾಕುವ ಮೊದಲು ಈ ಪತ್ರವನ್ನು ಪೂರ್ತಿ ಓದು.

ಮೊದಲನೆಯದಾಗಿ, ಆ ಪಿನ್ನನ್ನು ಹಿಡಿದಿರುವುದು ತುಕ್ಕೊಂದೇ ಅಲ್ಲ. ಬೀಮ್‌ನ (ಆಕ್ಸಲ್ಲಿನ ಮುಖ್ಯ ತೊಲೆಯ) ತುದಿಯ ಕಣ್ಣಿನಲ್ಲಿ, ಅಂದರೆ ಕಿಂಗ್ ಪಿನ್ ತೂರುವ ತೂತಿರುವ ಭಾಗದಲ್ಲಿ, ಅಡ್ಡಲಾಗಿ ಲಾಕ್ ಪಿನ್ ಇರುತ್ತದೆ. ಅದರ ಒಂದು ಮೈ ಓರೆಯಾಗಿದ್ದು, ಕಿಂಗ್ ಪಿನ್ನಿನ ಮಗ್ಗುಲಿನ ಕಚ್ಚಿನಲ್ಲಿ ಬೆಣೆಯಾಗಿ ಕೂತಿರುತ್ತದೆ. ಅದು ಪೂರ್ತಿ ಹೊರಗೆ ಬಾರದೆ ನೀನು ಎಷ್ಟೇ ಬಡಿದರೂ ಕಚ್ಚು ಹಾಳಾಗುವುದೇ ಹೊರತು ಪಿನ್ ಜರುಗುವುದಿಲ್ಲ. ಕೆಲವು ಆಕ್ಸಲ್‌ಗಳಲ್ಲಿ ಲಾಕ್ ಪಿನ್ ಎರಡಿರುತ್ತವೆ. ಒಂದನ್ನು ತೆಗೆದು ಕೆಲಸ ಮುಗಿಯಿತೆಂದುಕೊಳ್ಳದೆ ಕೆಸರು, ಹಳೆಯ ಗ್ರೀಸ್ ಎಲ್ಲವನ್ನೂ ತಂತಿ ಬ್ರಷ್‌ನಿಂದ ಕೆರೆದು ಇನ್ನೊಂದನ್ನೂ ಹುಡುಕು. ಅದರ ನಟ್ಟನ್ನು ಪೂರ್ತಿ ಕಳಚದೆ, ಥ್ರೆಡ್ಡಿನ ತುದಿಯ ಸಮಕ್ಕೆ ತಂದು ನಿಲ್ಲಿಸಿ, ಹಿತ್ತಾಳೆಯ ತುಂಡನ್ನಿಟ್ಟು ಹೊಡೆ. ಹೀಗೆ ಮಾಡಿದರೆ ಥ್ರೆಡ್ ಚಪ್ಪಟೆಯಾಗಿ ರಂಧ್ರದಲ್ಲೇ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕಣ್ಣಿಗೂ ಪಿನ್ನಿಗೂ ನಡುವೆ ಕೂದಲೆಳೆಯಷ್ಟೂ ಸಂದಿಲ್ಲದ ಕಡೆ ಅದು ಬೆಳೆದು ಎರಡನ್ನೂ ಬಿಗಿಯುತ್ತದೆ. ಆದ್ದರಿಂದ ಮೇಲಿನ ಮತ್ತು ಕೆಳಗಿನ ಮುಚ್ಚಳಗಳನ್ನು ತೆಗೆದು, ಲಾಕ್ ಪಿನ್ನಿನ ರಂಧ್ರದಿಂದಲೂ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು, ನಡುನಡುವೆ ಕಣ್ಣಿನ ಪಕ್ಕಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ, ಒಂದು ರಾತ್ರಿಯಾದರೂ ಹಾಗೇ ಇರಲು ಬಿಡು. ಬೆಳಿಗ್ಗೆ ಕಣ್ಣಿನ ಕೆಳ ಅಂಚಿನಲ್ಲಿ ಕಂದು ಬಣ್ಣದ ಎಣ್ಣೆಯ ಗೆರೆ ಒಸರಿದ್ದರೆ ಎಣ್ಣೆ ಉದ್ದಕ್ಕೂ ಇಳಿದಿದೆ ಎಂದು ತಿಳಿ.

ಹೊಡೆಯುವ ರೀತಿಯ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಚಿಕ್ಕ ಸುತ್ತಿಗೆಯ ನೂರು ಏಟಿನಿಂದ ಪಿನ್ನಿನ ತಲೆ ಅಗಲವಾಗಿ ಅರಳಿ, ಅದರ ಸುತ್ತ ಇರುವ ಲೋಹದ ಬಳೆಯಾದ ಬುಷ್ಷಿನೊಳಗೆ ತೂರದಂತಾಗುತ್ತದೆ. ಈಗಾಗಲೇ ಅರಳಿದ್ದರೆ ಗ್ರೈಂಡರ್ ಹಿಡಿದು ಅಂಚನ್ನು ಸವರಿಬಿಡು. ಪಿನ್ನಿಗಿಂತ ಸ್ವಲ್ಪ ಕಡಿಮೆ ದಪ್ಪದ, ಉದ್ದನೆಯ ಸರಳಿಟ್ಟು, ಐದು ಕಿಲೋ ತೂಕದ ಸುತ್ತಿಗೆಯಿಂದ ನೇರವಾಗಿ ಕೆಲವೇ ಏಟು ಹಾಕು. ಸುತ್ತಿಗೆ ಪುಟಿದು ವಾಪಸ್ ಬರುತ್ತಿದ್ದರೆ ನಿನ್ನ ಬಲವೆಲ್ಲ ಸ್ಪ್ರಿಂಗ್ ಪಟ್ಟಿಗಳಿಗೆ ಹೋಗುತ್ತಿರಬಹುದು. ಕಣ್ಣಿನ ಪಕ್ಕದಲ್ಲೇ ಬೀಮ್‌ಗೆ ಕೆಳಗಿನಿಂದ ಗಟ್ಟಿಯಾದ ಆಸರೆ ಕೊಡು. ಸುತ್ತಿಗೆಯನ್ನು ಸುತ್ತಿಗೆಯಿಂದ ಹೊಡೆಯುವ ಅಭ್ಯಾಸ ನಿನಗಿದ್ದರೆ ಇಂದೇ ಬಿಡು, ಗಡಸು ಉಕ್ಕಿನ ಚೂರು ಸಿಡಿದು ನಿನ್ನ ಕಣ್ಣು ಹೋಗುತ್ತದೆ. ಕನ್ನಡಕವಿಲ್ಲದೆ ಏಟು ಹಾಕಬೇಡ. ಲಾರಿಯ ಭಾರ ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

ಇದಕ್ಕೂ ಬಗ್ಗದಿದ್ದರೆ ಹೈಡ್ರಾಲಿಕ್ ಪ್ರೆಸ್ ತರಿಸು. ಒತ್ತಡ ಏರಿಸಿ ಸ್ವಲ್ಪ ಹೊತ್ತು ಬಿಟ್ಟು, ಆ ಬಿಗಿಯಲ್ಲೇ ಕಣ್ಣಿನ ಪಕ್ಕಕ್ಕೆ ಒಂದು ಏಟು ಕೊಟ್ಟರೆ ಎಷ್ಟೋ ಸಲ ಪಿನ್ ಸಿಡಿದಂತೆ ಜರುಗುತ್ತದೆ, ಆದ್ದರಿಂದ ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಗ್ಯಾಸ್ ಕಟ್ಟರನ್ನು ಮಾತ್ರ ಅವಸರದಲ್ಲಿ ಕೈಗೆತ್ತಿಕೊಳ್ಳಬೇಡ. ನಲವತ್ತು ಮಿಲಿಮೀಟರ್ ವ್ಯಾಸದ ಕಣ್ಣನ್ನು 200 ಡಿಗ್ರಿಯಷ್ಟು ಬಿಸಿ ಮಾಡಿದರೆ ಅದು ಹಿಗ್ಗುವುದು ಸುಮಾರು 0.1 ಮಿಲಿಮೀಟರ್, ಪಿನ್ ಬಿಡಲು ಅಷ್ಟೇ ಸಾಕು, ಅದಕ್ಕಾಗಿ ಕೆಂಪಗೆ ಕಾಯಿಸುವ ಅಗತ್ಯವೇ ಇಲ್ಲ. ಬೀಮ್ ಬಡಿದು ಮಾಡಿ ಹದ ಕೊಟ್ಟ ಉಕ್ಕು, ಕೆಂಪಗಾದರೆ ಆ ಹದ ಹೋಗುತ್ತದೆ, ಹದ ಹೋದ ಆಕ್ಸಲ್ಲಿನ ಮೇಲೆ ನಾಳೆ ಡ್ರೈವರಿನ ಪ್ರಾಣವಿರುತ್ತದೆ. ತಯಾರಕರ ಕೈಪಿಡಿ ಬೆಂಕಿಯನ್ನೇ ಬೇಡವೆಂದಿದ್ದರೆ ಅದೇ ಕೊನೆಯ ಮಾತು. ಬೇಡವೆಂದಿಲ್ಲದಿದ್ದರೂ ಚಕ್ರ ಮತ್ತು ಬ್ರೇಕ್ ಹೋಸ್‌ಗಳನ್ನು ದೂರ ಸರಿಸು, ಎಣ್ಣೆಯನ್ನು ಒರೆಸು, ಗ್ರೀಸ್ ನಿಪ್ಪಲ್ ಮತ್ತು ಮುಚ್ಚಳಗಳನ್ನು ಬಿಚ್ಚಿಡು. ಒಳಗೆ ಸಿಕ್ಕಿಬಿದ್ದ ಗ್ರೀಸ್ ಕಾದರೆ ಮುಚ್ಚಳವನ್ನು ಗುಂಡಿನಂತೆ ಹಾರಿಸುತ್ತದೆ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಬೇಡವೇ ಬೇಡ, ಕ್ಲೋರಿನ್ ಇರುವ ದ್ರಾವಕ ಸುಟ್ಟರೆ ಫಾಸ್ಜೀನ್ ಎಂಬ ವಿಷಾನಿಲ ಬರುತ್ತದೆ.

ಟೈ ರಾಡ್ ಎಂಡ್, ಅಂದರೆ ಎರಡೂ ಮುಂಚಕ್ರಗಳನ್ನು ಜೋಡಿಸುವ ಸ್ಟೀರಿಂಗ್ ಸಲಾಕೆಯ ತುದಿಯ ಕೀಲು ಕೂಡ ಹಿಡಿದಿರುತ್ತದೆ. ಪುಲ್ಲರ್‌ನಿಂದ ಬಿಗಿ ಕೊಟ್ಟು, ಅದು ಕೂತಿರುವ ಕಣ್ಣಿನ ಮಗ್ಗುಲಿಗೆ ಒಂದು ಏಟು ಹಾಕಿದರೆ ಸಡಿಲವಾಗುತ್ತದೆ.

ಪಿನ್ ಬಂದ ಮೇಲೆ ಕಣ್ಣಿನ ಒಳಮೈಯ ತುಕ್ಕನ್ನು ಮಾತ್ರ ಉಜ್ಜಿ ತೆಗೆ, ಲೋಹವನ್ನು ಕೆರೆಯಬೇಡ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಬೋರ್ ಗೇಜ್ ಇಟ್ಟು ಅಳೆದು, ಆ ಅಳತೆಗಳನ್ನು ನನಗೆ ಬರೆದು ಕಳಿಸು. ಅಲ್ಲಿಯವರೆಗೆ ಹೊಸ ಪಿನ್ ಹಾಕಬೇಡ.

ಇಂತಿ ನಿನ್ನ ಶ್ರೇಯೋಭಿಲಾಷಿ,
ಸೋದರಮಾವ