ಹಳಿ ಇಲ್ಲದ ಸ್ಟೇಷನ್ನಿನಲ್ಲಿ ಶನಿವಾರದ ಸಂತೆ

ಬಾತ್, ಇಂಗ್ಲೆಂಡ್

ತೀರ್ಥರೂಪ ಅಪ್ಪಾಜಿಯವರಿಗೆ ನಮಸ್ಕಾರಗಳು. ನಾನಿಲ್ಲಿ ಆರಾಮ ಇದ್ದೇನೆ. ಅವ್ವನಿಗೂ ಇದನ್ನು ಓದಿ ಹೇಳಿ.

ಮೊನ್ನೆ ಸಂತೆಯ ಫೋಟೊ ಕಳಿಸಿದಾಗ ಅವ್ವ ಗಜ್ಜರಿ ರೇಟು ಕೇಳಿದಳು. ನೀವು ಮಾತ್ರ ಮೇಲೆ ಛಾವಣಿ ನೋಡಿ, "ಅದು ರೈಲ್ವೆ ಸ್ಟೇಷನ್ ಅಲ್ಲೇನು? ಹಳಿ ಎಲ್ಲಿ?" ಅಂದಿರಿ. ಹುಬ್ಬಳ್ಳಿ ಯಾರ್ಡಿನಲ್ಲಿ ಕೂದಲು ಬೆಳ್ಳಗಾದವರ ಕಣ್ಣು ತಪ್ಪುವುದಿಲ್ಲ ಬಿಡಿ. ಅದು ಸ್ಟೇಷನ್ನೇ. ಹೆಸರು ಗ್ರೀನ್ ಪಾರ್ಕ್. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ ಅಂತ ಬರೆಯುತ್ತಿದ್ದೇನೆ.

ಬಾತ್ ಊರಿಗೆ ಮೊದಲಿಂದಲೂ ಒಂದು ಸ್ಟೇಷನ್ ಇತ್ತು. 1840ರದು, ಈಗಲೂ ಅಲ್ಲೇ ಗಾಡಿ ಹತ್ತುತ್ತೇವೆ. ಅದು ಗ್ರೇಟ್ ವೆಸ್ಟರ್ನ್ ಕಂಪನಿಯದು. ಆಗ ಇಲ್ಲಿ ಒಂದೊಂದು ಲೈನಿಗೂ ಒಂದೊಂದು ಕಂಪನಿ, ಅವುಗಳ ನಡುವೆ ಪೈಪೋಟಿ. ಮಿಡ್‌ಲ್ಯಾಂಡ್ ಕಂಪನಿಯವರು ತಮ್ಮದೇ ಲೈನ್ ಎಳೆದುಕೊಂಡು ಬಂದು 1870ರಲ್ಲಿ ಈ ಎರಡನೇ ಸ್ಟೇಷನ್ ತೆರೆದರು. ಮುಂದಿನ ಗೋಡೆ ಜೇನುಬಣ್ಣದ ಬಾತ್ ಕಲ್ಲಿನದು. ಬೀದಿಯಿಂದ ನೋಡಿದರೆ ಯಾರೋ ಸಾಹುಕಾರರ ಬಂಗಲೆ ಅನ್ನಬೇಕು. ಒಳಗೆ ಕಾಲಿಟ್ಟರೆ ತಲೆ ಮೇಲೆ ಕಬ್ಬಿಣದ ಕಮಾನು, ಅದರ ಮೇಲೆ ಗಾಜು. ಕಂಬದ ಬುಡದಲ್ಲಿ ಬಣ್ಣದ ಮೇಲೆ ಬಣ್ಣ ಬಳಿದು ರಿವೆಟ್ಟುಗಳೆಲ್ಲ ದಪ್ಪಗಾಗಿವೆ. ನೀವಾಗಿದ್ದರೆ ಉಗುರಿನಿಂದ ಕೆರೆದು ನೋಡುತ್ತಿದ್ದಿರಿ.

1874ರಲ್ಲಿ ದಕ್ಷಿಣದ ಕಡೆಯಿಂದ ಸಾಮರ್ಸೆಟ್ ಅಂಡ್ ಡಾರ್ಸೆಟ್ ಅಂತ ಇನ್ನೊಂದು ಸಣ್ಣ ಕಂಪನಿಯ ಲೈನೂ ಇಲ್ಲಿಗೆ ಬಂದು ಸೇರಿತು. ಗುಡ್ಡ ಕಡಿದು ಲೈನ್ ಹಾಕುವಷ್ಟರಲ್ಲಿ ಆ ಕಂಪನಿ ಸಾಲದಲ್ಲಿ ಮುಳುಗಿತು. ಮರುವರ್ಷವೇ ಎರಡು ದೊಡ್ಡ ಕಂಪನಿಗಳಿಗೆ ಲೀಸಿಗೆ ಕೊಟ್ಟರು. ಎಷ್ಟು ವರ್ಷಕ್ಕೆ ಗೊತ್ತೇ? 999 ವರ್ಷಕ್ಕೆ! ಲೈನ್ ನೂರು ವರ್ಷವೂ ಬಾಳಲಿಲ್ಲ ಅನ್ನುವುದು ಬೇರೆ ಮಾತು.

ನಿಮಗೆ ಇಷ್ಟವಾಗುವ ಭಾಗ ಇದು. ಗ್ರೀನ್ ಪಾರ್ಕಿನಲ್ಲಿ ಲೈನ್ ಅಲ್ಲಿಗೇ ಮುಗಿಯುತ್ತಿತ್ತು. ಮ್ಯಾಂಚೆಸ್ಟರಿನಿಂದ ಸಮುದ್ರದಂಡೆಯ ಬೋರ್ನ್‌ಮತ್‌ಗೆ ಹೋಗುವ ಪೈನ್ಸ್ ಎಕ್ಸ್‌ಪ್ರೆಸ್ ಇಲ್ಲಿಗೆ ಬಂದು, ಆ ಕಡೆ ತುದಿಗೆ ಬೇರೆ ಎಂಜಿನ್ ಕಟ್ಟಿಸಿಕೊಂಡು, ಹಿಂದುಮುಂದಾಗಿ ಹೊರಡುತ್ತಿತ್ತು. ಹೊರಟ ಸ್ವಲ್ಪ ಹೊತ್ತಿಗೇ 50ಕ್ಕೆ 1ರ ಏರು (ಅವ್ವನಿಗೆ ಹೇಳಿ: 50 ಅಡಿ ಮುಂದೆ ಹೋದರೆ 1 ಅಡಿ ಮೇಲೆ). ನಿಮ್ಮ ಕ್ಯಾಸಲ್‌ರಾಕ್ ಘಾಟಿನ 37ಕ್ಕೆ 1ರ ಮುಂದೆ ಇದೇನು ಮಹಾ ಅನ್ನುತ್ತೀರಿ, ಗೊತ್ತು. ಆದರೆ ಇದು ಸಿಂಗಲ್ ಲೈನು, ಮೇಲೆ ಸುರಂಗ, ಅದೂ ಉಗಿ ಎಂಜಿನ್ ಕಾಲ. ರಜೆಯ ದಿನಗಳಲ್ಲಿ ಡಬ್ಬಿ ಜಾಸ್ತಿಯಾದರೆ ಎರಡು ಎಂಜಿನ್ ಹಚ್ಚಲೇಬೇಕಿತ್ತು. 1962ರ ಸೆಪ್ಟೆಂಬರಿನಲ್ಲಿ ಈ ದಾರಿಯಲ್ಲಿ ಕೊನೆಯ ಪೈನ್ಸ್ ಎಕ್ಸ್‌ಪ್ರೆಸ್ ಎಳೆದದ್ದು ಈವ್ನಿಂಗ್ ಸ್ಟಾರ್. ಬ್ರಿಟಿಷ್ ರೈಲ್ವೆ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್ ಅದೇ.

ಸ್ಟೇಷನ್ನಿನ ಕಷ್ಟ ಅದಕ್ಕೂ ಮೊದಲೇ ಶುರುವಾಗಿತ್ತು. 1942ರ ಏಪ್ರಿಲಿನಲ್ಲಿ ಜರ್ಮನ್ ವಿಮಾನಗಳು ಬಾತ್ ಮೇಲೆ ಬಾಂಬು ಹಾಕಿದಾಗ ಛಾವಣಿಯ ಗಾಜು ಹೋಯಿತು. ಯುದ್ಧ ಮುಗಿದ ಮೇಲೂ ಯಾರೂ ಅದನ್ನು ಹಾಕಿಸಲಿಲ್ಲ. ಬರಿಯ ಕಮಾನುಗಳ ಕೆಳಗೆ ಜನ ಕೊಡೆ ಹಿಡಿದು ಗಾಡಿ ಕಾಯಬೇಕು. ಇಲ್ಲಿಯ ಮಳೆ ಬೇರೆ, ಸುಮ್ನೆ ದಿನವಿಡೀ ಜಿನುಗುತ್ತದೆ. ಆಮೇಲೆ 1963ರಲ್ಲಿ ಬೀಚಿಂಗ್ ಅನ್ನುವ ರೈಲ್ವೆ ಬೋರ್ಡ್ ಅಧ್ಯಕ್ಷರ ವರದಿ ಬಂತು. ನಷ್ಟದ ಲೈನ್ ಮುಚ್ಚಿ, 2,363 ಸ್ಟೇಷನ್ ಮುಚ್ಚಿ ಅಂತ. 1966ರ ಮಾರ್ಚಿನಲ್ಲಿ ಗ್ರೀನ್ ಪಾರ್ಕ್ ಕೂಡ ಮುಚ್ಚಿತು. ಹಳಿ ಕಿತ್ತರು. ಕಟ್ಟಡ ಹಾಗೇ ಪಾಳು ಬಿತ್ತು.

ಉಳಿಸಿದ್ದು ಯಾರು ಅಂದರೆ ನಗುತ್ತೀರಿ: ಕಿರಾಣಿ ಅಂಗಡಿಯವರು. ಸೇನ್ಸ್‌ಬರೀಸ್ ಅಂತ ಇಲ್ಲಿಯ ದೊಡ್ಡ ಸೂಪರ್ ಮಾರ್ಕೆಟ್. ಪಕ್ಕದ ರೈಲ್ವೆ ಜಾಗದಲ್ಲಿ ಅಂಗಡಿ ಹಾಕಿಕೊಂಡು, 1980ರ ದಶಕದ ಮೊದಲಿಗೆ ಸ್ಟೇಷನ್ನನ್ನೂ ರಿಪೇರಿ ಮಾಡಿಸಿದರು. ಹೋಗಿದ್ದ ಗಾಜು ಆಗ ವಾಪಸ್ ಬಂತು. ಎಂಜಿನ್ ನಿಲ್ಲುವ ಕಡೆ ಗಿರಾಕಿಗಳ ಕಾರು ನಿಂತವು. ಹಳೆಯ ಕಟ್ಟಡದ ಮೇಲೆ ಅಭಿಮಾನ ಇದ್ದವರಿಗೆ ಇದು ಸೇರಿರಲಿಕ್ಕಿಲ್ಲ. ನನಗೇನೋ ಸರಿ ಅನ್ನಿಸುತ್ತದೆ. ನಮ್ಮ ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ಮ್ಯೂಸಿಯಂ ಆಯಿತಲ್ಲ, ಚೆಂದ ಇದೆ. ಆದರೆ ನಾವು ಎಷ್ಟು ಸಲ ಹೋದೆವು ಹೇಳಿ? ಇಲ್ಲಿ ಹಾಲು ಬೇಕಾದವನು, ಬ್ರೆಡ್ ಬೇಕಾದವನು ವಾರವಾರ ಇದೇ ಕಮಾನಿನ ಕೆಳಗೆ ಹಾದು ಹೋಗುತ್ತಾನೆ. ಮಳೆ ಸೋರಿದರೆ ಅವತ್ತೇ ನಾಲ್ಕು ಜನ ಗದ್ದಲ ಮಾಡುತ್ತಾರೆ.

ಸಂತೆಯ ವಿಷಯ ಅವ್ವನಿಗೆ. ಈ ದೇಶದ ಮೊದಲ ರೈತರ ಸಂತೆ 1997ರಲ್ಲಿ ಶುರುವಾದದ್ದು ಇಲ್ಲೇ, ಈ ಪ್ಲಾಟ್‌ಫಾರ್ಮಿನ ಮೇಲೆ. ಊರಿನ ಸುತ್ತ 40 ಮೈಲಿ ಒಳಗೆ ಬೆಳೆದದ್ದನ್ನು, ಬೆಳೆದವರೇ ತಂದು ಮಾರಬೇಕು. ದಲಾಲರಿಗೆ ಜಾಗ ಇಲ್ಲ. ನಾನು ಖಾಯಂ ತರಕಾರಿ ಕೊಳ್ಳುವ ಅಜ್ಜ ಗಜ್ಜರಿಯನ್ನು ಸೊಪ್ಪಿನ ಸಮೇತ ಕಟ್ಟು ಕಟ್ಟಿ ಇಡುತ್ತಾನೆ, ಮಣ್ಣು ಕೂಡ ತೊಳೆದಿರುವುದಿಲ್ಲ. ರೇಟು ಹೇಳಿದರೆ ನೀನು ಬೈಯುತ್ತೀ ಅವ್ವ, ಬೇಡ. ಚೌಕಾಸಿ ಇಲ್ಲಿ ನಡೆಯುವುದಿಲ್ಲ. ಮೆಂತ್ಯ ಸೊಪ್ಪು ಇಲ್ಲ, ಸಬ್ಬಸಿಗೆ ಸಿಗುತ್ತದೆ.

ಅಪ್ಪಾಜಿ, ಸುರಂಗ ಅಂದೆನಲ್ಲ, ಅದೂ ಈಗ ಬಳಕೆಯಲ್ಲಿದೆ. ಕೂಮ್ ಡೌನ್ ಸುರಂಗ. ಉದ್ದ 1,829 ಗಜ, ಗಾಳಿಗೆ ಮೇಲೆ ಒಂದು ಕಿಂಡಿಯೂ ಇಲ್ಲ. 1929ರ ನವೆಂಬರಿನಲ್ಲಿ ಒಂದು ಗೂಡ್ಸ್ ಗಾಡಿ ಬಾತ್ ಕಡೆ ಬರುತ್ತಾ ಇದರೊಳಗೆ ತೀರ ನಿಧಾನವಾಯಿತು. ಹೊಗೆಗೆ ಡ್ರೈವರ್, ಫೈರ್‌ಮನ್ ಇಬ್ಬರೂ ಪ್ರಜ್ಞೆ ತಪ್ಪಿದರು. ಗಾಡಿ ತಾನಾಗಿ ಸುರಂಗ ದಾಟಿ, ಇಳಿಜಾರಿನಲ್ಲಿ ವೇಗ ಹಿಡಿದು, ಬಾತ್ ಗೂಡ್ಸ್ ಯಾರ್ಡಿಗೆ ನುಗ್ಗಿ ಉರುಳಿತು. ಡ್ರೈವರ್ ಮತ್ತು ಯಾರ್ಡಿನಲ್ಲಿದ್ದ ಇಬ್ಬರು ಸತ್ತರು. ಇದನ್ನು ಓದಿದ ಮೇಲೆ ಮೊದಲ ಸಲ ಒಳಗೆ ಹೋಗುವಾಗ ನನಗೆ ಸ್ವಲ್ಪ ಅಳುಕಿತ್ತು. 2013ರಲ್ಲಿ ಸೈಕಲ್ಲಿಗೂ ನಡೆಯುವವರಿಗೂ ತೆರೆದಿದ್ದಾರೆ. ದೀಪ ಹಾಕಿದ್ದಾರೆ, ನೆಲ ನುಣುಪಾಗಿದೆ. ನಡುವೆ ಒಂದು ಕಡೆ ನಾವು ಹಾದು ಹೋಗುವಾಗ ಗೋಡೆಯಿಂದ ತಂತಿವಾದ್ಯದ ಸದ್ದು ಕೇಳುತ್ತದೆ. ಬೇಕಿತ್ತೋ ಬೇಡವೋ, ಮಕ್ಕಳಿಗಂತೂ ಖುಷಿ.

ಜೂನಿನಲ್ಲಿ ನೀವಿಬ್ಬರೂ ಬಂದಾಗ ಅಲ್ಲಿಗೆ ಹೋಗೋಣ. ಬಾಡಿಗೆ ಸೈಕಲ್ ಸಿಗುತ್ತದೆ, ಅವ್ವ ನಡೆಯಬಹುದು, ದಾರಿ ಹೆಚ್ಚುಕಡಿಮೆ ಸಮ. ಒಳಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಸ್ವೆಟರ್ ಮರೆಯಬೇಡಿ. ವೀಸಾ ಕಾಗದಕ್ಕೆ ನಿಮ್ಮ ಪೆನ್ಶನ್ ಪಾಸ್‌ಬುಕ್ಕಿನ ನಕಲು ಬೇಕಂತೆ, ಈ ವಾರ ಸ್ಕ್ಯಾನ್ ಮಾಡಿ ಕಳಿಸಿ.

ಇಂತಿ ನಿಮ್ಮ ಮಗ,
ಮಂಜು