ಅಜ್ಜನ ಬಲೆ ಮತ್ತು 112ನೆಯ ಪುಟ

ಪ್ರೀತಿಯ ತಮ್ಮ,

ಅಜ್ಜನ ಬಗ್ಗೆ ನೀನು ಬರೆದ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಶಿರಸಿಗೆ ಹೋಗುವ ಬಸ್ಸಿನಲ್ಲಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಹಾಳೆಗಳು ಎರಡು ಬಾರಿ ಕಾಲಡಿಗೆ ಬಿದ್ದವು. ಎರಡನೆಯ ಸಲ ಕಾರವಾರದ ಮನೆಯಲ್ಲಿ, ಪೆನ್ಸಿಲ್ ಹಿಡಿದು.

ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ ರಂಪಣಿಯ ಬಗ್ಗೆ 112ನೆಯ ಪುಟದಲ್ಲಿ ಬರೆದಿದ್ದೀಯ: ‘ಅಜ್ಜ ಎಷ್ಟು ಪ್ರಯತ್ನಪಟ್ಟರೂ ರಂಪಣಿ ಉಳಿಯಲಿಲ್ಲ.’ ಐದೇ ಪದಗಳಲ್ಲಿ ಹತ್ತು ವರ್ಷ ಮುಳುಗಿಸಿಬಿಟ್ಟೆ! ಕಾದಂಬರಿ ಇದ್ದದ್ದೇ ಅಲ್ಲಿ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು (ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಯಂತ್ರದ ದೋಣಿಗಳು) ಬಂದವು, ಬಂಗುಡೆಯ ಹಿಂಡು ದಡ ಮುಟ್ಟುವ ಮೊದಲೇ ಆಳದಲ್ಲಿ ಬಲೆಗೆ ಬೀಳತೊಡಗಿತು. ಇದು ಎಲ್ಲರಿಗೂ ಗೊತ್ತು. ಆದರೆ ರಂಪಣಿ ಎಳೆಯಲು ದಡದ ಎರಡೂ ಕಡೆ ಹತ್ತಾರು ಜನ ಬೇಕು. ಹಗ್ಗ ಬಿಟ್ಟು ಮೊದಲು ಹೋದವರು ಯಾರು? ಅವರನ್ನು ಕರೆಯಲು ಅಜ್ಜ ಯಾರ ಯಾರ ಅಂಗಳಕ್ಕೆ ಹೋದ? ಕೊನೆಯ ಸಲ ಬಲೆ ಎಳೆದಾಗ ಮೀನು ಎಷ್ಟು ಬುಟ್ಟಿ?

ಸೋತವನ ಕಥೆ ಯಾರು ಓದುತ್ತಾರೆ ಎಂದು ಕೇಳಿದ್ದೀಯ. 1933ರಿಂದ ಜನ ‘ಚೋಮನ ದುಡಿ’ ಓದುತ್ತಲೇ ಇದ್ದಾರೆ. ಚೋಮನ ಬಳಿ ಎತ್ತುಗಳಿವೆ, ಉಳಲು ಅಂಗೈಯಗಲ ನೆಲವಿಲ್ಲ. ಅವನು ಕೇಳದೆ ಸುಮ್ಮನಿದ್ದಿದ್ದರೆ ಒಡೆಯರ ಅಂಗಳ ನಮಗೂ ಬರೀ ಅಂಗಳವಾಗಿಯೇ ಕಾಣುತ್ತಿತ್ತು. ಅವನು ಹೋಗಿ ಕೈಮುಗಿದು ನಿಂತದ್ದರಿಂದ ಅಲ್ಲಿ ಗೋಡೆ ಇರುವುದು ತಿಳಿಯಿತು.

ಹೆಮಿಂಗ್ವೇಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕಾದಂಬರಿಯ ಮುದುಕನನ್ನೂ ನೋಡು. 84 ದಿನ ಒಂದೂ ಮೀನು ಸಿಗದವನು 85ನೆಯ ದಿನ ಮತ್ತೆ ದೋಣಿ ಇಳಿಸುತ್ತಾನೆ. ಎಡಗೈ ಸೆಟೆದುಕೊಳ್ಳುತ್ತದೆ, ಅದು ಸಡಿಲವಾಗಲೆಂದು ಹಸಿ ಮೀನು ಜಗಿಯುತ್ತಾನೆ. ಅವನಿಗೆ ಸಿಕ್ಕ ಭಾರೀ ಮೀನನ್ನು ಶಾರ್ಕುಗಳು ತಿಂದು ಬಿಡುತ್ತವೆ; ಉಳಿದ ಎಲುಬಿನ ಗೂಡನ್ನು ಕೊನೆಗೆ ಬೇರೊಬ್ಬ ಮೀನುಗಾರ ಹಗ್ಗ ಹಿಡಿದು ಅಳೆಯುತ್ತಾನೆ: ಮೂಗಿನಿಂದ ಬಾಲದವರೆಗೆ 18 ಅಡಿ. ಮಾಂಸವೆಲ್ಲ ಹೋದ ಮೇಲೆ ಸಿಕ್ಕ ಅಳತೆ ಅದು. (ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಈ ಕಥೆ ಹೇಳಿದರೆ, ಮಾರಿದ್ದರೆ ಎಷ್ಟು ಬರುತ್ತಿತ್ತು ಎಂದೇ ಮೊದಲು ಕೇಳುತ್ತಾರೆ. ತಪ್ಪೇನಿಲ್ಲ, ಮುದುಕನೂ ದೋಣಿಯಲ್ಲೇ ಆ ಲೆಕ್ಕ ಹಾಕಿದ್ದ.)

ನಿನಗೆ ಹೇಳುತ್ತಿರುವ ನಾನು ಸಾಚಾ ಏನಲ್ಲ. ನನ್ನ ಮೊದಲ ಕಾದಂಬರಿ, ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಫಸಲು ಕಳೆದುಕೊಂಡ ಶಿರಸಿ ಕಡೆಯ ತೋಟಿಗನದು. ಅವನಿಂದ ಒಂದು ಸಲವೂ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಲಿಲ್ಲ, ಒಂದು ಅಡಿಕೆ ಗೊನೆಗೂ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸಲಿಲ್ಲ. ಎರಡನೆಯ ಅಧ್ಯಾಯಕ್ಕೇ ಅಡಿಕೆಯನ್ನೆಲ್ಲ ಉದುರಿಸಿ, ಉಳಿದ ಇನ್ನೂರು ಪುಟ ಅವನನ್ನು ಜಗಲಿಯಲ್ಲಿ ಅಳುತ್ತಾ ಕೂರಿಸಿದೆ. ಪ್ರಕಾಶಕರು ಮರಳಿಸಿದರು, ಸರಿಯಾಗಿಯೇ ಮಾಡಿದರು. ಆಗ ಮಾತ್ರ ತಿಂಗಳುಗಟ್ಟಲೆ ಅವರನ್ನು ಬೈದುಕೊಂಡು ತಿರುಗಿದೆ.

ಆದ್ದರಿಂದ ಅಜ್ಜನನ್ನು ಗೆಲ್ಲಿಸಬೇಡ. ಹಾಗೆಂದು ಬೇಗ ಸೋಲಿಸಲೂಬೇಡ. ಸಾಲ ಮಾಡಲಿ, ಜಗಳ ಆಡಲಿ, ಹರಿದ ಬಲೆ ಮುಂದಿಟ್ಟುಕೊಂಡು ಮಧ್ಯರಾತ್ರಿವರೆಗೆ ಹೆಣೆಯಲಿ.

ಮುಂದಿನ ಸಲ ಬರುವಾಗ ಇಡೀ ಕಟ್ಟು ಹೊತ್ತು ತರಬೇಡ, ಆ 112ನೆಯ ಪುಟವೊಂದು ಸಾಕು. ಅಜ್ಜನ ಬಲೆ ಹೆಣೆಯುವ ಸೂಜಿ ಇನ್ನೂ ಮನೆಯಲ್ಲಿದೆ ಎಂದಿದ್ದೆಯಲ್ಲ, ಅದನ್ನೂ ಚೀಲದಲ್ಲಿ ಹಾಕಿಕೊಂಡು ಬಾ. ಅದರಲ್ಲಿ ನೂಲು ಹೇಗೆ ಸುತ್ತುತ್ತಾರೆ ಎಂದು ನಾನು ನೋಡಬೇಕು.

ನಿನ್ನ ಅಣ್ಣ